ಗೋಥಿಕ್ ಹಾಸ್ಯ ಪತ್ತೇದಾರಿ ಕೇಳುಪುಸ್ತಕ: ಜಯಲಕ್ಷ್ಮಿಪುರಂ ಸುತ್ತಲಿನ ಕನ್ನಡ ಪರಂಪರೆ

ಪಾಳುಬಿದ್ದ ದೊಡ್ಡ ಮನೆ, ಅದರೊಳಗೆ ಎಂದೋ ಮುಚ್ಚಿಹಾಕಿದ ಅಪರಾಧ, ಸರಿರಾತ್ರಿಯ ಹೆಜ್ಜೆಸಪ್ಪಳ, ಗುಟ್ಟು ಬಿಡಿಸಲು ಬಂದ ಪತ್ತೇದಾರ, ಇಷ್ಟರ ನಡುವೆಯೂ ಕೇಳುವವರನ್ನು ಬಿಡದೆ ನಗಿಸುವ ಮಾತುಗಾರಿಕೆ. ಇಂಥ ಕಥೆಯನ್ನು ಕಣ್ಣಿಗಲ್ಲದೆ ಕಿವಿಗೆಂದು ಕಟ್ಟಿದಾಗ ಅದು ಗೋಥಿಕ್ ಹಾಸ್ಯ ಪತ್ತೇದಾರಿ ಕೇಳುಪುಸ್ತಕ. ಇಂಗ್ಲಿಷಿನಲ್ಲಿ ಇದಕ್ಕೆ ತನ್ನದೇ ಮಾರುಕಟ್ಟೆಯಿದೆ. ಕನ್ನಡದ ಗ್ರಂಥಾಲಯ, ಪುಸ್ತಕದಂಗಡಿಗಳಲ್ಲಿ ಈ ಹೆಸರಿನ ಕಪಾಟು ಇಲ್ಲದಿರುವುದರಿಂದ ಇದು ಹೊರಗಿನಿಂದ ತರಿಸಬೇಕಾದ ಸರಕು ಎಂಬ ಭಾವನೆ ಸುಲಭವಾಗಿ ಹುಟ್ಟುತ್ತದೆ. ಆ ಭಾವನೆ ತಪ್ಪು. ಭಯ, ನಗು, ಗುಟ್ಟು ಈ ಮೂರನ್ನೂ ಒಂದೇ ದನಿಯಲ್ಲಿ ಹೊರುವ ಅಭ್ಯಾಸ ಕನ್ನಡದಲ್ಲಿ ಅಚ್ಚಿನ ಪುಸ್ತಕಕ್ಕಿಂತ ಹಳೆಯದು. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಈ ಪ್ರಕಾರಕ್ಕೆ ಬೇಕಾದ ಸಾಮಗ್ರಿಯ ಬಹುಪಾಲು ಮೈಸೂರು ನಗರದ ವಾಯವ್ಯ ಮೂಲೆಯಲ್ಲಿ, ಜಯಲಕ್ಷ್ಮಿಪುರಂ, ಒಂಟಿಕೊಪ್ಪಲು, ಯಾದವಗಿರಿಗಳ ಕೆಲವೇ ಬೀದಿಗಳ ಅಂತರದಲ್ಲಿ ಸಿಗುತ್ತದೆ. ಇವನ್ನು ಒಂದಾಗಿ ನೋಡುವ ಕೆಲಸವಷ್ಟೇ ಉಳಿದುಕೊಂಡಿದೆ.

ಮೊದಲ ಆಕ್ಷೇಪ ಪ್ರಕಾರದ ಬುಡಕ್ಕೇ ಸಂಬಂಧಿಸಿದ್ದು: ನಗು ಬಂದ ಕಡೆ ಭಯ ನಿಲ್ಲುವುದಿಲ್ಲ, ಆದ್ದರಿಂದ ಹಾಸ್ಯದ ಗೋಥಿಕ್ ಎಂಬುದು ಗೋಥಿಕ್ಕಿನ ಅಣಕವೇ ಹೊರತು ಗೋಥಿಕ್ ಅಲ್ಲ ಎಂಬುದು. ಈ ಸಾಹಿತ್ಯದ ಹುಟ್ಟನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಈ ಪರಂಪರೆಯ ಮೊದಲ ಕಾದಂಬರಿ ಎಂಬ ಮಾತಿಗೆ ಸಾಮಾನ್ಯ ಒಪ್ಪಿಗೆಯಿದೆ. ಆಕಾಶದಿಂದ ಬಿದ್ದಂತೆ ಬಂದ ದೈತ್ಯ ಶಿರಸ್ತ್ರಾಣ ರಾಜಕುಮಾರನನ್ನು ಜಜ್ಜಿಹಾಕುವುದರಿಂದ ಕಥೆ ಶುರುವಾಗುತ್ತದೆ. ಅದೇ ಕಥೆಯಲ್ಲಿ ಆಳುಕಾಳುಗಳು ಹೆದರಿ ಬಡಬಡಿಸುತ್ತ, ವಿಷಯಕ್ಕೆ ಬರದೆ ಒಡೆಯನ ತಾಳ್ಮೆ ಕೆಡಿಸುತ್ತಾರೆ. ಮರುವರ್ಷದ ಎರಡನೇ ಮುದ್ರಣದ ಮುನ್ನುಡಿಯಲ್ಲಿ ವಾಲ್‌ಪೋಲ್ ಈ ಬೆರಕೆಯನ್ನು ಸಮರ್ಥಿಸಿಕೊಂಡು, ಷೇಕ್ಸ್‌ಪಿಯರನ ಹ್ಯಾಮ್ಲೆಟ್ಟಿನ ಗೋರಿ ತೋಡುವವರನ್ನು ಸಾಕ್ಷಿಗೆ ಕರೆಯುತ್ತಾನೆ. ಗಂಭೀರವೂ ಹಾಸ್ಯವೂ ಬೆರೆಯಬಾರದೆಂಬ ವೋಲ್ಟೇರನ ನಿಲುವಿಗೆ ಅದು ನೇರ ಉತ್ತರ. ಅಂದರೆ ಗೋಥಿಕ್ ಹುಟ್ಟಿದ ದಿನವೇ ನಗು ಅದರ ಜೊತೆಗಿತ್ತು. ಮುಂದೆ ಜೇನ್ ಆಸ್ಟಿನ್ನಳ ‘ನಾರ್ತ್ಯಾಂಗರ್ ಅಬ್ಬೆ’, ಥಾಮಸ್ ಲವ್ ಪೀಕಾಕನ ‘ನೈಟ್‌ಮೇರ್ ಅಬ್ಬೆ’ (1818), ಅಮೆರಿಕದ ಕುಟುಂಬವೊಂದು ಇಂಗ್ಲೆಂಡಿನ ಹಳೆಯ ದೆವ್ವಕ್ಕೇ ಕಾಟ ಕೊಡುವ ಆಸ್ಕರ್ ವೈಲ್ಡನ ‘ದಿ ಕ್ಯಾಂಟರ್‌ವಿಲ್ ಘೋಸ್ಟ್’ (1887) ಇವೆಲ್ಲ ಅದೇ ಬಳ್ಳಿಯ ಕಾಯಿಗಳು. ಭಯ ಮನಸ್ಸನ್ನು ಬಿಗಿಯುತ್ತದೆ, ನಗು ಸಡಿಲಿಸುತ್ತದೆ. ಸಡಿಲಗೊಂಡ ಮನಸ್ಸಿಗೆ ಮುಂದಿನ ಪೆಟ್ಟು ಇನ್ನೂ ಜೋರಾಗಿ ತಾಗುತ್ತದೆ. ನುರಿತ ಕಥೆಗಾರರು ಇವೆರಡನ್ನೂ ಬಳಸುವುದು ಈ ಕಾರಣಕ್ಕೆ.

ಕನ್ನಡದ ಕೇಳುಗನಿಗೆ ಇದನ್ನು ವಾಲ್‌ಪೋಲನಿಂದ ಕಲಿಯುವ ಅಗತ್ಯವಿರಲಿಲ್ಲ. ಮಹಾಭಾರತದ ವಿರಾಟಪರ್ವವನ್ನು ಈ ದೃಷ್ಟಿಯಿಂದ ನೋಡಬೇಕು. ಪಾಂಡವರು ಆಯುಧಗಳನ್ನು ಊರಾಚೆಯ ಸ್ಮಶಾನದ ಬಳಿಯ ಶಮೀವೃಕ್ಷದಲ್ಲಿ ಅಡಗಿಸುತ್ತಾರೆ. ಯಾರೂ ಹತ್ತಿರ ಸುಳಿಯದಿರಲೆಂದು ಅಲ್ಲೊಂದು ಹೆಣವನ್ನು ಕಟ್ಟಿ, ಇದು ನಮ್ಮ ಮುದಿತಾಯಿಯ ಶವ, ಇದು ನಮ್ಮ ಕುಲದ ಪದ್ಧತಿ ಎಂದು ದನಕಾಯುವವರಿಗೆ ಸಾರುತ್ತಾರೆ. ಇಡೀ ಪರ್ವ ವೇಷ ಮರೆಸಿಕೊಂಡವರ ಗುಟ್ಟಿನ ಮೇಲೆ ನಿಂತಿದೆ. ಆ ಗುಟ್ಟು ಬಯಲಾಗುವುದು ಅದೇ ಮರದ ಕೆಳಗೆ. ಅಲ್ಲಿಗೆ ಬರುವ ಉತ್ತರಕುಮಾರನೋ ಅಂತಃಪುರದ ಹೆಂಗಸರ ಮುಂದೆ ಬಡಾಯಿ ಕೊಚ್ಚಿ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು. ಅವನನ್ನು ಹಿಡಿದು ತಂದು ಹೆಣದ ಮರ ಹತ್ತಿಸುತ್ತಾನೆ ಬೃಹನ್ನಳೆ. ಸ್ಮಶಾನ, ಶವ, ಮರೆಸಿದ ಗುರುತು, ಹೇಡಿ ನಾಯಕ, ಕೊನೆಗೆ ಗುಟ್ಟು ರಟ್ಟು: ಗೋಥಿಕ್ ಹಾಸ್ಯ ಪತ್ತೇದಾರಿಯ ಅಂಗಾಂಗಗಳೆಲ್ಲ ಇಲ್ಲಿವೆ. ಹದಿನೈದನೆಯ ಶತಮಾನದ ಕುಮಾರವ್ಯಾಸ ಈ ಉತ್ತರನಿಗೆ ಕೊಟ್ಟ ಜೀವ ಎಂಥದೆಂದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬುದು ಗಾದೆಯಾಗಿ ಮನೆಮಾತಾಗಿದೆ. ಆ ಜೀವ ಜನರಿಗೆ ತಲುಪಿದ್ದು ಮೌನ ಓದಿನಿಂದಲ್ಲ. ಗಮಕಿಯೊಬ್ಬ ಹಾಡಿ, ವ್ಯಾಖ್ಯಾನಕಾರನೊಬ್ಬ ಬಿಡಿಸಿ ಹೇಳುವ ಕಾವ್ಯವಾಚನದಲ್ಲಿ ಊರಿಗೆ ಊರೇ ಕೂತು ಕೇಳಿತು. ಕರಾವಳಿ, ಮಲೆನಾಡು, ಕಾಸರಗೋಡುಗಳ ತಾಳಮದ್ದಲೆಯಲ್ಲಿ ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆಮದ್ದಲೆ, ಅರ್ಥಧಾರಿಗಳ ಮಾತು ಇಷ್ಟರಲ್ಲೇ ರಣರಂಗವೂ ಸ್ಮಶಾನವೂ ಕಟ್ಟಬೇಕು. ಕೇಳುಪುಸ್ತಕ ಬಯಸುವುದೂ ಇಷ್ಟನ್ನೇ.

ಕಿವಿಗೂ ಭಯಕ್ಕೂ ಇರುವ ನಂಟಿಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳ ಬಾಗಿಲು, ಗೋಡೆಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬುದು ಹಬ್ಬಿದ್ದ ಸುದ್ದಿ. ಬಾಗಿಲ ಮೇಲಿನ ಬರಹ ಓದಿಕೊಂಡ ದೆವ್ವ ಹಿಂತಿರುಗಿ, ಮರುದಿನ ಮತ್ತೆ ಬಂದು, ಮತ್ತೆ ಅದನ್ನೇ ಓದಿ ಮರಳಬೇಕು. ಸಾಲಗಾರನನ್ನು ಸಾಗಹಾಕುವ ಮಾತಿನಿಂದ ಸಾವನ್ನೂ ಸಾಗಹಾಕಬಹುದೆಂಬ ಈ ಕಲ್ಪನೆಯಲ್ಲಿ ನಡುಕವೂ ನಗುವೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ದೆವ್ವಕ್ಕೆ ರೂಪವಿಲ್ಲ, ದನಿ ಮಾತ್ರ ಇದೆ ಎಂಬುದು ಇಲ್ಲಿನ ಮುಖ್ಯ ಸಂಗತಿ. ಪರಿಚಿತ ದನಿ ಅಪರಿಚಿತವಾಗಿಬಿಡುವುದಕ್ಕಿಂತ ದೊಡ್ಡ ಭಯವನ್ನು ಯಾವ ಕೋಟೆಯ ನೆಲಮಾಳಿಗೆಯೂ ಕೊಡಲಾರದು. ಅದನ್ನು ಅಚ್ಚಿನ ಪುಟ ವರ್ಣಿಸಬಲ್ಲದು. ಕೇಳುಪುಸ್ತಕವಾದರೆ ಆ ದನಿಯನ್ನೇ ಕೇಳಿಸಬಲ್ಲದು.

ಇನ್ನು ಜಯಲಕ್ಷ್ಮಿಪುರಂ. ಕಾಳಿದಾಸ ರಸ್ತೆ ಹಾಯುವ, ಮಹಾಜನ ಕಾಲೇಜಿರುವ ಈ ಬಡಾವಣೆ ಒಂಟಿಕೊಪ್ಪಲಿಗೂ ಗೋಕುಲಕ್ಕೂ ಒತ್ತಿಕೊಂಡಿದೆ. ತೆಂಕಣಕ್ಕೆ ಮಾನಸಗಂಗೋತ್ರಿ ಅನತಿ ದೂರ. ಪಕ್ಕದ ಒಂಟಿಕೊಪ್ಪಲಿನಲ್ಲಿರುವ ‘ಉದಯರವಿ’ ಕುವೆಂಪು ಅವರ ಮನೆ. ರಾಮಾಯಣದರ್ಶನದ ಕವಿಯನ್ನು ಗೋಥಿಕ್ ಪರಂಪರೆಯೊಡನೆ ಹೆಸರಿಸುವವರು ಕಡಮೆ. ಆದರೆ ವಾಲ್‌ಪೋಲ್ ಯಾವ ನಾಟಕವನ್ನು ತನ್ನ ಸಾಕ್ಷಿಯೆಂದು ಕರೆದನೋ ಅದೇ ಹ್ಯಾಮ್ಲೆಟ್ಟನ್ನು ಕುವೆಂಪು ‘ರಕ್ತಾಕ್ಷಿ’ಯಾಗಿ (1932) ಬಿದನೂರಿನ ಕೋಟೆಗೆ ಕರೆತಂದರು. ಡೆನ್ಮಾರ್ಕಿನ ಅರಮನೆಯ ಕೊಲೆ, ಸಂಶಯ, ಸೇಡುಗಳು ಮಲೆನಾಡಿನ ಮಳೆ ಮತ್ತು ಕತ್ತಲೆಯಲ್ಲಿ ಮತ್ತೆ ಹುಟ್ಟಿದವು. ಮೂಲದಲ್ಲಿ ಹುಚ್ಚಿಯಾಗಿ ನೀರುಪಾಲಾಗುವ ಒಫೀಲಿಯಾ ಇಲ್ಲಿ ರುದ್ರಾಂಬೆಯಾಗಿ, ರಕ್ತಾಕ್ಷಿಯಾಗಿ, ಸೇಡನ್ನು ತಾನೇ ಕೈಗೆತ್ತಿಕೊಳ್ಳುತ್ತಾಳೆ. ಗೋಥಿಕ್ಕಿನ ಓದುಗರು ಎದುರು ನೋಡುವ ಅಬಲೆ ನಾಯಕಿಯನ್ನು ಹೀಗೆ ತಿರುವಿಹಾಕಿದ್ದು ಸಣ್ಣ ಬದಲಾವಣೆಯಲ್ಲ. ಅತ್ತ ‘ಮಲೆನಾಡಿನ ಚಿತ್ರಗಳು’ (1933) ಸಂಕಲನದ ‘ಅಜ್ಜಯ್ಯನ ಅಭ್ಯಂಜನ’ದಂಥ ಬರಹದಲ್ಲಿ ಅದೇ ಲೇಖನಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ. ಭಯದ ಕೃತಿಯೂ ನಗೆಯ ಕೃತಿಯೂ ಒಂದು ವರ್ಷದ ಅಂತರದಲ್ಲಿ ಬಂದವು. ಎರಡನ್ನೂ ಒಂದೇ ಕಥೆಯಲ್ಲಿ ಬೆರೆಸುವ ಕೆಲಸಕ್ಕೆ ಆ ಮನೆಯ ಮುಂದಿನ ತಲೆಮಾರು ಬರಬೇಕಾಯಿತು.

ಕರ್ನಾಟಕದಲ್ಲಿ ಐರೋಪ್ಯ ಮಠಗಳಿಲ್ಲ, ಬ್ಯಾರನ್ನರ ಕೋಟೆಗಳಿಲ್ಲ, ಆದ್ದರಿಂದ ಇಲ್ಲಿ ಗೋಥಿಕ್ ಬೇರೂರದು ಎಂಬ ಎರಡನೇ ಆಕ್ಷೇಪಕ್ಕೆ ರಕ್ತಾಕ್ಷಿಯೇ ಅರ್ಧ ಉತ್ತರ. ಉಳಿದರ್ಧ ಉತ್ತರ ಪ್ರಕಾರದ ಸ್ವಭಾವದಲ್ಲಿದೆ. ಗೋಥಿಕ್ಕಿಗೆ ಬೇಕಾದದ್ದು ಕಲ್ಲಿನ ಗೋಪುರವಲ್ಲ. ಹಳೆಯ ಅನ್ಯಾಯವೊಂದು ಕಟ್ಟಡದೊಳಗೆ ಉಳಿದುಕೊಂಡು ಇಂದಿನವರನ್ನು ಕಾಡಬೇಕು, ಅಷ್ಟೆ. ಕರ್ನಾಟಕದಲ್ಲಿ ಅಂಥ ಜಾಗಗಳಿಗೆ ಬರವಿಲ್ಲ: ಮಲೆನಾಡಿನ ಚೌಕಿಮನೆ, ಸಾಹೇಬರು ಬಿಟ್ಟುಹೋದ ಕಾಫಿ ಎಸ್ಟೇಟಿನ ಬಂಗಲೆ, ಪೂಜೆ ನಿಂತ ಗುಡಿ, ದಾಯಾದಿಗಳು ಬೀಗ ಜಡಿದ ಕೋಣೆ. ಯಾದವಗಿರಿಯಲ್ಲಿ ಮನೆ ಕಟ್ಟಿಸಿಕೊಂಡ ಆರ್. ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ‘ಓಲ್ಡ್ ಮ್ಯಾನ್ ಆಫ್ ದಿ ಟೆಂಪಲ್’ ಕಥೆಯ ಹಿನ್ನೆಲೆ ಇಂಥ ಒಂದು ಪಾಳು ಗುಡಿಯೇ. ರಾತ್ರಿ ಪಯಣದಲ್ಲಿ ಕಾರಿನ ಚಾಲಕ ದಾಸನ ಮೈಮೇಲೆ, ತಾನು ಸತ್ತಿರುವುದೇ ತಿಳಿಯದ ಮುದುಕನೊಬ್ಬ ಬರುತ್ತಾನೆ. ಅವನಿಗೆ ಆ ಸಂಗತಿಯನ್ನು ತಿಳಿಯಹೇಳಬೇಕಾದ ಪೇಚು ನಿರೂಪಕನದು. ಈ ಕಥೆಯನ್ನು ನಾರಾಯಣ್ ತಮ್ಮ ಬಾಯಿಂದ ಹೇಳದೆ ‘ಟಾಕೆಟಿವ್ ಮ್ಯಾನ್’ ಎಂಬ ವಾಚಾಳಿಯ ಬಾಯಿಗೆ ಒಪ್ಪಿಸಿರುವುದು ಗಮನಾರ್ಹ. ದೆವ್ವದ ಕಥೆಗೆ ಹೇಳುವವನೊಬ್ಬ ಬೇಕು, ಅವನ ಮಾತನ್ನು ಪೂರಾ ನಂಬಲೂ ಆಗಬಾರದು ಎಂಬ ತಿಳಿವಳಿಕೆ ಅದರ ಹಿಂದಿದೆ.

ಕೇಳುವಿಕೆಯ ತಂತ್ರಜ್ಞಾನ ಈ ನೆರೆಯಲ್ಲಿಯೇ ಕಾಲಿಟ್ಟಿತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಸಣ್ಣದೊಂದು ಪ್ರೇಷಕವಿಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. ಇಂದಿನ ಮೈಸೂರು ಆಕಾಶವಾಣಿ ನಿಲಯ ಅಲ್ಲಿಂದ ಕೂಗಳತೆಯ ದೂರದಲ್ಲಿ, ಯಾದವಗಿರಿಯಲ್ಲಿದೆ. ‘ಆಕಾಶವಾಣಿ’ ಎಂಬ ಹೆಸರನ್ನು ಆ ಖಾಸಗಿ ನಿಲಯಕ್ಕೆ ಸೂಚಿಸಿದವರು ನಾ. ಕಸ್ತೂರಿ ಎಂಬುದು ಮೈಸೂರಿನಲ್ಲಿ ಬೇರೂರಿದ ಮಾತು. 1950ರ ದಶಕದಲ್ಲಿ ಅದೇ ಹೆಸರು ಇಡೀ ದೇಶದ ಬಾನುಲಿಯದಾಯಿತು. ಕಸ್ತೂರಿಯವರು ಇತಿಹಾಸದ ಅಧ್ಯಾಪಕರಷ್ಟೇ ಅಲ್ಲ, ‘ಅನರ್ಥಕೋಶ’ ಬರೆದ ನಗೆಗಾರರು, ರಾಶಿ 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯ ಬಳಗದವರು. ಕನ್ನಡ ಬಾನುಲಿಯ ತೊಟ್ಟಿಲು ತೂಗಿದವರಲ್ಲಿ ಒಬ್ಬರು ಮನಸ್ಸಿನ ಆಳವನ್ನು ಅಧ್ಯಯನ ಮಾಡುತ್ತಿದ್ದವರು, ಇನ್ನೊಬ್ಬರು ನಗಿಸುವುದನ್ನೇ ವ್ರತ ಮಾಡಿಕೊಂಡವರು. ಭಯವೂ ಹಾಸ್ಯವೂ ಮನಸ್ಸಿನ ಒಂದೇ ನೆಲೆಯನ್ನು ತಟ್ಟುತ್ತವೆ ಎಂದು ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಬರೆಯುವುದಕ್ಕಿಂತ ಹೇಳಿ ಬರೆಸುವುದೇ ರೂಢಿಯಾಗಿದ್ದ ಟಿ. ಪಿ. ಕೈಲಾಸಂ ಕೂಡ ಇದೇ ಕಾಲದವರು. ಅವರ ನಾಟಕಗಳ ಇಂಗ್ಲಿಷ್ ಬೆರೆತ ಕನ್ನಡ ಕಣ್ಣಿಗೆ ತೊಡಕು, ಕಿವಿಗೆ ಹಬ್ಬ.

ಅದೇ 1935ರಲ್ಲಿ ಬ್ರಿಟನ್ನಿನಲ್ಲಿ ಅಂಧರಿಗಾಗಿ ‘ಮಾತಾಡುವ ಪುಸ್ತಕ’ಗಳ ಸೇವೆ ಶುರುವಾಯಿತು. ಮೊದಲು ಧ್ವನಿಮುದ್ರಿತವಾದ ಪುಸ್ತಕಗಳಲ್ಲಿ ಒಂದು ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. ಕಥೆ ಹೇಳುವವನ ದನಿಯನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಯ ಮೇಲೆ ನಿಂತ ಪತ್ತೇದಾರಿ ಅದು. ಅಮೆರಿಕದಲ್ಲಿ ಆರ್ಸನ್ ವೆಲ್ಸ್ 1938ರ ಜುಲೈಯಲ್ಲಿ ತನ್ನ ಬಾನುಲಿ ನಾಟಕ ಸರಣಿಯನ್ನು ಆರಂಭಿಸಿದ್ದು ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದಿಂದ. ದನಿಮಾಧ್ಯಮ ಕಣ್ಣುಬಿಟ್ಟ ಗಳಿಗೆಯಲ್ಲೇ ಪತ್ತೇದಾರಿಯನ್ನೂ ಗೋಥಿಕ್ಕನ್ನೂ ಹುಡುಕಿಕೊಂಡು ಹೋಗಿದ್ದು ಆಕಸ್ಮಿಕವಲ್ಲ. ಕಾಣದಿರುವುದೇ ಈ ಮಾಧ್ಯಮದ ಮಿತಿ. ಕಾಣದಿರುವುದೇ ಈ ಎರಡು ಪ್ರಕಾರಗಳ ಬಂಡವಾಳವೂ ಹೌದು.

ಪತ್ತೇದಾರಿಯ ಎಳೆ ಕನ್ನಡದಲ್ಲಿ ಜನಪ್ರಿಯತೆಗೂ ಮರ್ಯಾದೆಗೂ ನಡುವೆ ಸಿಕ್ಕಿಕೊಂಡು ಬಹುಕಾಲ ನರಳಿತು. ಎನ್. ನರಸಿಂಹಯ್ಯ 1950ರ ದಶಕದಿಂದ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬರೆದರು. ಹೆಚ್ಚು ಶಾಲೆ ಕಲಿಯದ ಅವರು 500ಕ್ಕೂ ಹೆಚ್ಚು ಕಾದಂಬರಿಗಳಿಂದ ಸಾವಿರಾರು ಜನರಿಗೆ ಓದಿನ ರುಚಿ ಹತ್ತಿಸಿದರು. ಸಾಹಿತ್ಯಚರಿತ್ರೆಗಳು ಅವರಿಗೆ ಕೊಟ್ಟ ಜಾಗ ಅವರು ಮಾಡಿದ ಕೆಲಸಕ್ಕೆ ತಕ್ಕುದಲ್ಲ. ಗಂಭೀರ ಕಾದಂಬರಿಯೊಳಗೆ ಪತ್ತೇದಾರಿಯನ್ನು ತಂದು ಕೂರಿಸಿದವರು ಉದಯರವಿಯಲ್ಲಿ ಬೆಳೆದ ಪೂರ್ಣಚಂದ್ರ ತೇಜಸ್ವಿ. ‘ಚಿದಂಬರ ರಹಸ್ಯ’ (1985) ಕೆಸರೂರೆಂಬ ಮಲೆನಾಡಿನ ಊರಿನ ಕಥೆ. ಯಾಲಕ್ಕಿ ಬೆಳೆ ಕುಸಿಯುತ್ತಿದೆ. ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರ ಸಾವು ಬಗೆಹರಿದಿಲ್ಲ. ತನಿಖೆಗೆ ಬರುವ ಅಂಗಡಿ ಎಂಬ ಗುಪ್ತಚರ ಅಧಿಕಾರಿಗೆ ಸುಳಿವಿಗಿಂತ ಗಾಳಿಸುದ್ದಿಯೇ ಹೆಚ್ಚು ಸಿಗುತ್ತದೆ. ಊರನ್ನು ಸುತ್ತುವರಿದ ಲಂಟಾನದ ಪೊದೆಯನ್ನು ಗಮನಿಸಬೇಕು. ಯುರೋಪಿನ ಕಥೆಯಲ್ಲಿ ಕೋಟೆಯ ಗೋಡೆ ಮಾಡುವ ಕೆಲಸವನ್ನು, ಅಂದರೆ ಜನರನ್ನು ಒಳಗೆ ಕೂಡಿಹಾಕುವ, ಹೊರಗಿನ ಕಣ್ಣಿಗೆ ಮರೆಮಾಡುವ ಕೆಲಸವನ್ನು ಅದು ಮಾಡುತ್ತದೆ. ಜಾತಿ, ಮತ, ಮೂಢನಂಬಿಕೆಗಳು ಊರನ್ನು ಮುತ್ತಿಕೊಳ್ಳುವುದೂ ಹೀಗೆಯೇ. ಇಷ್ಟು ಭೀಕರವಾದ ವಸ್ತುವನ್ನು ಪುಟಪುಟಕ್ಕೂ ನಗಿಸುತ್ತ ಹೇಳಿದ ಈ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ದಿನರಾತ್ರಿಯ ಓಟದಲ್ಲಿ ಸಾಗುವ ‘ಜುಗಾರಿ ಕ್ರಾಸ್’ (1994) ಇದರ ತಮ್ಮ. ತೇಜಸ್ವಿಯವರನ್ನು ಗೋಥಿಕ್ ಲೇಖಕರೆಂದು ಕರೆಯುವುದು ಅತಿಯಾಯಿತೆಂದು ಯಾರಾದರೂ ಹೇಳಬಹುದು. ಅವರ ಕಥೆಗಳಲ್ಲಿ ದೆವ್ವಗಳು ಕೊನೆಗೆ ದೆವ್ವಗಳಾಗಿ ಉಳಿಯುವುದಿಲ್ಲ ಎಂಬುದೂ ನಿಜ. ಆದರೆ ಹದಿನೆಂಟನೆಯ ಶತಮಾನದ ಕೊನೆಗೆ ಗೋಥಿಕ್ಕಿನ ರಾಣಿಯೆನಿಸಿದ್ದ ಆ್ಯನ್ ರ‍್ಯಾಡ್‌ಕ್ಲಿಫ್ ಕೂಡ ತನ್ನ ದೆವ್ವಗಳಿಗೆ ಕೊನೆಯಲ್ಲಿ ಲೌಕಿಕ ಕಾರಣ ಕೊಡುತ್ತಿದ್ದಳು. ರಹಸ್ಯ ಬಗೆಹರಿದರೆ ಗೋಥಿಕ್ ಇಲ್ಲವಾಗುತ್ತದೆ ಎನ್ನುವುದಾದರೆ ಅವಳನ್ನೂ ಹೊರಗಿಡಬೇಕಾಗುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಗಮಕ, ತಾಳಮದ್ದಲೆ, ಬಾನುಲಿ ನಾಟಕಗಳನ್ನು ಕೇಳುಪುಸ್ತಕದ ಹಿರಿಯರೆನ್ನುವುದು ಸಡಿಲವಾದ ಮಾತು. ಅವು ಗುಂಪಿನ ಕಲೆಗಳು, ಕೇಳುಪುಸ್ತಕವೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಂಟಿ ಕೇಳುಗನಿಗೆ ಒಂಟಿ ಓದುಗ ಓದಿ ಹೇಳುವಂಥದು ಎಂಬುದು ಅದರ ಸಾರ. ಇದರಲ್ಲಿ ಸತ್ಯಾಂಶವಿದೆ. ಬಾನುಲಿ ನಾಟಕದಲ್ಲಿ ಪಾತ್ರಕ್ಕೊಬ್ಬ ಕಲಾವಿದರಿರುತ್ತಾರೆ, ಬಾಗಿಲ ಕಿರುಗುಟ್ಟು, ಗಾಳಿ, ಮಳೆಗಳ ಸದ್ದಿರುತ್ತದೆ. ಕೇಳುಪುಸ್ತಕದಲ್ಲಿ ಸಾಮಾನ್ಯವಾಗಿ ಒಂದೇ ಕೊರಳು ಇಡೀ ಊರನ್ನು ಹೊರಬೇಕು. ಆದರೆ ಈ ವ್ಯತ್ಯಾಸ ಕನ್ನಡದ ಪರವಾಗಿಯೇ ಇದೆ. ಹರಿಕಥೆಯ ದಾಸರು ಒಬ್ಬರೇ ನಿಂತು ರಾವಣನೂ ಸೀತೆಯೂ ಆಗುತ್ತ, ನಡುವೆ ಉಪಕಥೆ ಹೇಳಿ ಸಭೆಯನ್ನು ನಗಿಸಿ, ಮತ್ತೆ ಕಥೆಯ ಬಿಗಿಗೆ ಮರಳುವುದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಒಂಟಿ ಕೊರಳಿನ ಕಥನದಲ್ಲಿ ಭಯದಿಂದ ನಗೆಗೆ ಜಿಗಿಯುವ ಕಸುಬು ಅಲ್ಲಿ ಪಳಗಿ ಕೂತಿದೆ. ಮೈಲ್ಯಾಂಗ್, ಸ್ಟೋರಿಟೆಲ್‌ನಂಥ ವೇದಿಕೆಗಳಲ್ಲಿ ಇಂದು ಸಿಗುವ ಕನ್ನಡ ಕೇಳುಪುಸ್ತಕಗಳಲ್ಲಿ ಬಹಳಷ್ಟು ಅಚ್ಚಾದ ಕೃತಿಗಳ ಓದು. ಸುದ್ದಿ ಓದುವಂಥ ಸಮತಟ್ಟಾದ ದನಿಯಲ್ಲಿ ಓದಿದರೆ ‘ಶುದ್ಧ’ವಾಗಿರುತ್ತದೆಂಬ ಎಣಿಕೆ ಈ ಪ್ರಕಾರಕ್ಕೆ ಮಾರಕ. ಮೈಸೂರಿನ ಬೀದಿಯ ಕನ್ನಡ, ಮಂಡ್ಯದ ಕನ್ನಡ, ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ಬೇರೆಬೇರೆಯಾಗಿ ಕೇಳಿಸಿದಾಗ ಹಾಸ್ಯಕ್ಕೂ ಪತ್ತೆಗೂ ದಾರಿ ತೆರೆಯುತ್ತದೆ. ತಾನು ಈ ಊರಿನವನೇ ಎಂದು ಸಾಧಿಸುವ ಪಾತ್ರದ ಮಾತಿನಲ್ಲಿ ಬೇರೆ ಸೀಮೆಯ ಒಂದು ಎಳೆತ ನುಸುಳಿತೆಂದರೆ, ಕಿವಿ ಚುರುಕಾದ ಕೇಳುಗನಿಗೆ ಅದೇ ಮೊದಲ ಸುಳಿವು.

ಕನ್ನಡದ ಪತ್ತೇದಾರಿ ಕೇಳುಪುಸ್ತಕ ಬರೆಯುವವರಿಗೆ ನಿಜವಾದ ಸವಾಲು ವ್ಯಾಕರಣದಲ್ಲಿದೆ. ಇಂಗ್ಲಿಷಿನಲ್ಲಿ ಕೊಲೆಗಾರ ಗಂಡೋ ಹೆಣ್ಣೋ ಎಂಬುದನ್ನು ಕ್ರಿಯಾಪದ ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲಿ ‘ಬಂದನು’, ‘ಬಂದಳು’ ಎಂದೊಡನೆ ಗುಟ್ಟಿನ ಅರ್ಧ ಹೊರಬೀಳುತ್ತದೆ. ಇದಕ್ಕೆ ಭಾಷೆಯೇ ಎರಡು ಪರಿಹಾರ ಇಟ್ಟುಕೊಂಡಿದೆ. ‘ಯಾರೋ ಬಂದರು’ ಎಂಬ ಗೌರವದ ಬಹುವಚನ ಲಿಂಗವನ್ನೂ ಸಂಖ್ಯೆಯನ್ನೂ ಒಟ್ಟಿಗೆ ಮರೆಸುತ್ತದೆ. ‘ನಾನು ಬಂದೆ’ ಎಂಬ ಉತ್ತಮಪುರುಷದಲ್ಲಿ, ಹಿಂದಿಗಿಂತ ಭಿನ್ನವಾಗಿ, ಲಿಂಗದ ಗುರುತೇ ಇಲ್ಲ. ಹೀಗಾಗಿ ಅಚ್ಚಿನಲ್ಲಿ ಕನ್ನಡದ ನಿರೂಪಕರು ತಾವು ಯಾರೆಂಬುದನ್ನು ಕೊನೆಯ ಪುಟದವರೆಗೂ ಅಡಗಿಸಿಡಬಹುದು. ಅದೇ ಕಥೆ ದನಿಗೆ ಬಂದಾಗ ಓದುವವರ ಕೊರಳೇ ಈ ಗುಟ್ಟನ್ನು ಮೊದಲ ವಾಕ್ಯದಲ್ಲಿ ಬಿಟ್ಟುಕೊಟ್ಟುಬಿಡುತ್ತದೆ. ಆದ್ದರಿಂದ ಅಚ್ಚಿನ ಪತ್ತೇದಾರಿಯನ್ನು ಹಾಗೆಯೇ ಓದಿ ಮುದ್ರಿಸಿದರೆ ಸಾಲದು, ಕಿವಿಗೆಂದೇ ಸುಳಿವುಗಳನ್ನು ಹೊಸದಾಗಿ ಹೂಡಬೇಕು. ಪುಟ ಹಿಂದೆ ತಿರುವಿ ನೋಡುವ ಅನುಕೂಲ ಕೇಳುಗನಿಗೆ ಕಡಮೆಯಾದ್ದರಿಂದ, ಮುಖ್ಯ ಸುಳಿವು ಮನಸ್ಸಿನಲ್ಲಿ ಉಳಿಯುವಂತೆ ಬರಬೇಕು, ಆದರೆ ಸುಳಿವೆಂದು ಗೊತ್ತಾಗಬಾರದು. ಇಲ್ಲಿ ನಗೆಯಷ್ಟು ಉಪಕಾರಿ ಬೇರೆ ಯಾವುದೂ ಇಲ್ಲ. ನಗಿಸಿದ ಮಾತು ನೆನಪಿನಲ್ಲಿ ನಿಲ್ಲುತ್ತದೆ, ನಗಿಸಿತೆಂಬ ಕಾರಣಕ್ಕೇ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹೆದರಿದ ಆಳು ಬಡಬಡಿಸುವಾಗ ನಡುವೆ ಬಿದ್ದುಹೋದ ಒಂದು ಹೆಸರು ಕೊನೆಯ ಅಧ್ಯಾಯದಲ್ಲಿ ಕೊಲೆಗಾರನದಾಗಿ ಮರಳಿ ಬಂದಾಗ, ಅದನ್ನು ಮೊದಲ ಸಲ ಕೇಳಿ ನಕ್ಕಿದ್ದ ಕೇಳುಗನಿಗೆ ಮೈ ಜುಮ್ಮೆನ್ನುತ್ತದೆ.